ಕಷ್ಟದಲ್ಲಿ ಫೇಲಾದವಳು

ಗಣಿತದಲ್ಲಿ ಫೇಲಾದವರನ್ನು ನೀವು ಕಂಡಿರುತ್ತೀರಿ. ಡ್ರೈವಿಂಗ್ ಪರೀಕ್ಷೆಯಲ್ಲಿ, ಮದುವೆಯಲ್ಲಿ, ವ್ಯಾಪಾರದಲ್ಲಿ ಫೇಲಾದವರೂ ನಿಮ್ಮ ನೆಂಟರಿಷ್ಟರಲ್ಲಿ ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಆದರೆ ಕಷ್ಟಪಡುವ ಪರೀಕ್ಷೆಯಲ್ಲಿ ಫೇಲಾದವರನ್ನು ಕಂಡಿರಲಾರಿರಿ. ನಾನು ಫೇಲಾಗಿದ್ದೇನೆ. ಕುರ್ಲಾದ ಚಾಳಿನ ಒಂದೇ ಖೋಲಿಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿ, ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿ, ಆಮೇಲೆ ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗಿ, ಬಡತನದಲ್ಲಿ ಬದುಕಲು ಬರುವುದಿಲ್ಲ ಎಂದು ಬರೆಸಿಕೊಂಡು ಬಂದವಳು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಹೊಟ್ಟೆ ಉರಿಯುತ್ತದೆ. ನಾಚಿಕೆಗಿಂತ ಉರಿ ಜಾಸ್ತಿಯಾದ್ದರಿಂದ ಹೇಳಿಬಿಡುತ್ತೇನೆ.

ನಮ್ಮದು ಧಾರವಾಡದ ಕಡೆಯಿಂದ ಬಂದ ಕ್ರೈಸ್ತ ಕುಟುಂಬ. ಮುಂಬೈಯ ನಮ್ಮ ಕನ್ನಡ ಸಭೆ ಚಿಕ್ಕದು. ಭಾನುವಾರ ಆರಾಧನೆಗೆ ಬರುವವರಿಗಿಂತ ಕ್ರಿಸ್‌ಮಸ್ ಕೇಕಿಗೆ ಬರುವವರು ಹೆಚ್ಚು. ಆ ಸಭೆಯ ಪರವಾಗಿ ನಾನು ಹತ್ತೊಂಬತ್ತು ವರ್ಷ ಕುರ್ಲಾ, ಧಾರಾವಿಯ ಗಲ್ಲಿಗಳಲ್ಲಿ ಓಡಾಡಿದ್ದೇನೆ. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ರೇಷನ್ ಕಾರ್ಡಿನ ಅರ್ಜಿ ತುಂಬಿಸುವುದು, ಶನಿವಾರ ಮಕ್ಕಳನ್ನು ಕೂಡಿಸಿ ಪಾಠ ಹೇಳುವುದು, ಕುಡಿದು ಬಂದ ಗಂಡಂದಿರಿಗೆ ಬೈಯುವುದು. ಈ ಕೊನೆಯದನ್ನು ಯಾರೂ ನನಗೆ ವಹಿಸಿರಲಿಲ್ಲ, ನಾನೇ ಪ್ರೀತಿಯಿಂದ ಹಚ್ಚಿಕೊಂಡಿದ್ದೆ. ಹೀಗಿರುವಾಗ ಸಭೆಯ ಕಮಿಟಿ ಈ ಕೆಲಸಕ್ಕೊಬ್ಬ ಮುಖ್ಯ ಸೇವಕಿಯನ್ನು ನೇಮಿಸುವುದೆಂದು ಠರಾವು ಮಾಡಿತು. ಆ ಹೆಸರು ನನಗೆ ಬೇಕಿತ್ತು. ಸುಳ್ಳೇಕೆ ಹೇಳಲಿ, ತುಂಬಾ ಬೇಕಿತ್ತು. ಹತ್ತೊಂಬತ್ತು ವರ್ಷ ‘ಆ ಸುಶೀಲಕ್ಕ ಅದಾಳಲ್ಲ, ಹೇಳ್ರಿ, ಮಾಡ್ತಾಳ’ ಎನ್ನಿಸಿಕೊಂಡವಳಿಗೆ ಒಮ್ಮೆಯಾದರೂ ಒಂದು ಹೆಸರಿನಿಂದ ಕರೆಸಿಕೊಳ್ಳುವ ಆಸೆ ಇರುತ್ತದೆ.

ನಮ್ಮ ಪಾಸ್ಟರು ಮನೆಗೇ ಬಂದು ಹೇಳಿದರು: “ನೋಡ್ರಿ ಸುಶೀಲಕ್ಕಾ, ಕೆಲಸಾ ನೀವ ಮಾಡ್ತೀರಿ, ಅದರಾಗ ಎರಡು ಮಾತಿಲ್ಲ. ಆದರ ಕಮಿಟಿಗೆ ಒಂದು ಸರ್ಟಿಫಿಕೇಟ್ ಬೇಕಲ್ರಿ. ಇಂಗ್ಲೆಂಡಿನಾಗ ಒಂದು ಮಿಷನರಿ ತರಬೇತಿ ಕೇಂದ್ರ ಅದ. ಹತ್ತು ವಾರ. ಖರ್ಚು ಅವರದ. ಹೋಗಿ ಬಂದುಬಿಡ್ರಿ.”

“ಹತ್ತು ವಾರ ಅಲ್ಲೇನ್ ಕಲಸ್ತಾರ್ರಿ?” ಎಂದು ನನ್ನ ಯಜಮಾನರು ಕೇಳಿದರು. ಅವರು ಬೈಕುಲ್ಲಾದ ಒಂದು ಪ್ರಿಂಟಿಂಗ್ ಪ್ರೆಸ್ಸಿನಿಂದ ನಿವೃತ್ತರಾದವರು. ಅಚ್ಚಾಗದ ಮಾತನ್ನು ನಂಬುವುದಿಲ್ಲ.

“ಬಡವರ ನಡುವ ಹೆಂಗ ಬದುಕಬೇಕು ಅನ್ನೂದು.”

ಯಜಮಾನರು ನಮ್ಮ ಖೋಲಿಯನ್ನು ಗೋಡೆಯಿಂದ ಗೋಡೆಗೆ ಒಮ್ಮೆ ನೋಡಿದರು. ಅದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. “ಹಂಗಾದ್ರ ಅವರನ್ನ ಇಲ್ಲೇ ಕಳಸ್ರಿ ಅನ್ರಿ,” ಎಂದರು. ಪಾಸ್ಟರು ನಕ್ಕರು. ನಾನು ಹೊರಟೆ.

ಕೇಂದ್ರ ಒಂದು ಹಳ್ಳಿಯಲ್ಲಿತ್ತು. ಹಳ್ಳಿ ಎಂದರೆ ಮನೆಗಳಿವೆ, ಮನುಷ್ಯರು ಕಾಣುವುದಿಲ್ಲ. ನನ್ನನ್ನು ಅಲ್ಲಿ ಮೊದಲು ಸೋಲಿಸಿದ್ದು ಚಳಿಯಲ್ಲ, ಬೇಯಿಸಿದ ಆಲೂಗಡ್ಡೆಯೂ ಅಲ್ಲ, ಸದ್ದಿಲ್ಲದಿರುವುದು. ಹುಟ್ಟಿದಾಗಿನಿಂದ ಅಕ್ಕನ ಜೊತೆ, ಮದುವೆಯಾದ ಮೇಲೆ ಗಂಡ, ಅತ್ತೆ, ಮಕ್ಕಳ ಜೊತೆ ಮಲಗಿದವಳಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಇಡೀ ಕೋಣೆ ಕೊಟ್ಟರು. ಹೆದರಿ ಬಾಗಿಲು ತೆರೆದಿಟ್ಟೇ ಮಲಗಿದೆ. ಬೆಳಗ್ಗೆ ನಮ್ಮ ಮುಖ್ಯ ಶಿಕ್ಷಕಿ ಮಿಸ್ ಹೆಲೆನ್ ಕರೆದು, ಇತರರ ಖಾಸಗಿತನವನ್ನು ಗೌರವಿಸುವುದು ಕಲಿಯಬೇಕು ಎಂದರು. ತೆರೆದದ್ದು ನನ್ನ ಬಾಗಿಲು, ಕೆಟ್ಟದ್ದು ಅವರ ಖಾಸಗಿತನ. ಸಾರಿ ಎಂದೆ. ಆ ದೇಶದಲ್ಲಿ ಬಲಕ್ಕೆ ತಿರುಗಿದರೂ ಸಾರಿ, ಎಡಕ್ಕೆ ತಿರುಗಿದರೂ ಸಾರಿ, ಹಾಗಾಗಿ ಆ ಒಂದು ವಿಷಯದಲ್ಲಿ ನಾನು ಬೇಗ ಪಾಸಾದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಒಂದು ಹಾಳೆಯದು. ದಿನವೂ ಸಂಜೆ ‘ಇಂದು ನನಗೆ ಏನನ್ನಿಸಿತು’ ಎಂದು ಬರೆದು ಕೊಡಬೇಕು. ಕುರ್ಲಾದಲ್ಲಿ ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದರೂ ಉತ್ತರಿಸುವಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂದಿರುತ್ತಿತ್ತು. ನಾನು ದಿನವೂ ‘ಚೆನ್ನಾಗಿತ್ತು’ ಎಂದು ಬರೆದೆ. ನನ್ನ ಜೊತೆ ಮುಂಬೈಯ ನಮ್ಮ ಸಭೆಯಿಂದಲೇ ಬಂದಿದ್ದ ಶರೋನ್ ಎರಡೆರಡು ಪುಟ ಬರೆಯುತ್ತಿದ್ದಳು. ಅವಳು ಮಂಗಳೂರು ಕಡೆಯವರ ಮಗಳು, ಅಂಧೇರಿಯಲ್ಲಿ ಬೆಳೆದವಳು, ಇಪ್ಪತ್ತಾರರ ಒಳ್ಳೆಯ ಹುಡುಗಿ. ಅವಳಿಗೆ ಬಹಳ ಅನ್ನಿಸುತ್ತಿತ್ತು.

ಎಂಟನೆಯ ವಾರ ಬಂತು. ಅದಕ್ಕೆ ‘ಬಡ ವಸತಿಯ ವಾರ’ ಎಂದು ಹೆಸರು. ಕೇಂದ್ರದ ಹಿಂದಿನ ಹುಲ್ಲುಹಾಸಿನ ಮೇಲೆ ತಗಡಿನ ಏಳು ಜೋಪಡಿ ಕಟ್ಟಿದ್ದರು. ಮೇಲೆ ನೀಲಿ ತಾಡಪತ್ರಿ. ಹದಿನಾಲ್ಕು ಜನಕ್ಕೆ ಒಂದು ನಲ್ಲಿ, ಒಂದು ಕಕ್ಕಸು. ನೀರು ಯಾವಾಗ ಬರುತ್ತದೆಂದು ಹೇಳುವುದಿಲ್ಲ. ಮಿಸ್ ಹೆಲೆನ್ ಮನಸ್ಸಿಗೆ ಬಂದಾಗ ಅರ್ಧ ಗಂಟೆ ಬಿಡಿಸುತ್ತಾರೆ. ಐದು ದಿನ ಅಲ್ಲೇ ಇರಬೇಕು. ಏಳು ವಾರದಲ್ಲಿ ಮೊದಲ ಬಾರಿ ನನಗೆ ಉಸಿರಾಡಿದ ಹಾಗಾಯಿತು.

ಈಗ ನಾನು ಮಾಡಿದ ತಪ್ಪು ಕೇಳಿ. ಚಾಳಿಗೆ ಹೊಸದಾಗಿ ಬಂದ ಹೆಂಗಸು ಮೊದಲು ವಿಚಾರಿಸುವುದು ಪಕ್ಕದ ಮನೆಯವರನ್ನಲ್ಲ, ನೀರು ಬಿಡುವವನನ್ನು. ಇಲ್ಲಿ ನೀರು ಬಿಡುತ್ತಿದ್ದದ್ದು ಒಬ್ಬ ಮುದಿ ತೋಟದ ಮಾಲಿ. ಅವನಿಗೆ ಶುಂಠಿ ಹಾಕಿ ಚಹಾ ಮಾಡಿಕೊಟ್ಟೆ. ಎರಡನೆಯ ಲೋಟಕ್ಕೆ ಐದೂ ದಿನದ ವೇಳಾಪಟ್ಟಿ ಹೇಳಿಬಿಟ್ಟ. ಆಮೇಲೆ ಮನುಷ್ಯರೇಕೆ ನಿಲ್ಲಬೇಕು, ಬಕೆಟ್ಟುಗಳನ್ನು ಸಾಲಾಗಿ ನಿಲ್ಲಿಸಿದೆ. ಕಕ್ಕಸಿಗೆ ಪಾಳಿ ಹಚ್ಚಿದೆ. ನೆಲದ ಥಂಡಿಗೆ ರಟ್ಟು ಹಾಸಿ, ಜೋಪಡಿಯ ಸುತ್ತ ಕಾಲುವೆ ತೋಡಿಸಿ, ಬಟ್ಟೆಗೆ ಹಗ್ಗ ಕಟ್ಟಿಸಿದೆ. ಏಳು ಒಲೆ ಯಾಕೆಂದು ಒಂದೇ ಒಲೆ ಹೂಡಿ ಓಟ್ಸಿನ ಉಪ್ಪಿಟ್ಟು ಮಾಡಿದೆ. ಮೂರನೆಯ ಸಂಜೆ ಹದಿನಾಲ್ಕೂ ಜನ ಒಲೆಯ ಸುತ್ತ ಕೂತು ಹಾಡುತ್ತಿದ್ದೆವು. ಏಳು ವಾರ ನಗದಿದ್ದ ಜರ್ಮನಿಯವನೊಬ್ಬ ನಕ್ಕ. ಶರೋನ್ ಮೊದಲ ದಿನ ಅತ್ತಳು, ಆಮೇಲೆ ನನ್ನ ರಟ್ಟಿನ ಮೇಲೆ ಮಲಗಿ ಗೊರಕೆ ಹೊಡೆದಳು.

ಮಿಸ್ ಹೆಲೆನ್ ಅದೇ ಹೊತ್ತಿಗೆ ಟಾರ್ಚು ಹಿಡಿದು ಬಂದರು. ಮರುದಿನ ಕಚೇರಿಗೆ ಕರೆಸಿದರು. ಸಿಟ್ಟಿರಲಿಲ್ಲ, ದುಃಖವಿತ್ತು. ನಾನು ಉಳಿದವರಿಂದ ಬಡತನದ ಅನುಭವವನ್ನು ಕಸಿದುಕೊಂಡೆನಂತೆ.

“ಮೇಡಂ, ನಾವು ಇರೂದೇ ಹೀಗೆ,” ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

ಅವರು ನನ್ನ ಕೈ ಹಿಡಿದು, ನೋವು ನಿಮಗೆ ಕಾಣದಷ್ಟು ಒಗ್ಗಿಹೋಗಿದೆ, ನೋವು ಕಾಣದವರು ಸೇವೆ ಹೇಗೆ ಮಾಡುತ್ತಾರೆ ಎಂದರು. ಕೊನೆಯ ವರದಿಯಲ್ಲಿ ‘ಹೊಂದಾಣಿಕೆ: ಸಾಲದು’ ಎಂದಿತ್ತು. ನನ್ನ ಚಹಾ ಕುಡಿದು, ನನ್ನ ರಟ್ಟಿನ ಮೇಲೆ ಮಲಗಿ, ‘ನಾನು ಒಳಗೊಳಗೇ ಮುರಿದುಹೋದೆ’ ಎಂದು ಎರಡು ಪುಟ ಬರೆದಿದ್ದ ಶರೋನಳಿಗೆ ‘ಅತ್ಯುತ್ತಮ’ ಎಂದಿತ್ತು. ನನಗೆ ಒಂದೇ ದಾರಿ ಉಳಿಸಿದರು. ಚಳಿಗಾಲದಲ್ಲಿ ಮಿಸ್ ಹೆಲೆನ್ ಮುಂಬೈಗೆ ಬಂದಾಗ ನನ್ನ ಮನೆ ನೋಡಿ, ಮರುಪರಿಶೀಲಿಸುತ್ತಾರೆ. ಅಲ್ಲಿಯವರೆಗೆ ಕಮಿಟಿಯು ಶರೋನಳನ್ನೇ ತಾತ್ಕಾಲಿಕ ಮುಖ್ಯ ಸೇವಕಿ ಮಾಡಿತು. “ಬ್ಯಾಸರ ಮಾಡ್ಕೋಬ್ಯಾಡ್ರಿ ಸುಶೀಲಕ್ಕಾ, ಆಕಿಗೆ ಗಲ್ಲಿ ತೋರಸ್ರಿ,” ಎಂದರು ಪಾಸ್ಟರು. ತೋರಿಸಿದೆ. ಹಿಂತಿರುಗುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಅತ್ತುಬಿಟ್ಟೆ. ಬರೆದುಕೊಳ್ಳಲು ಹಾಳೆ ಇರಲಿಲ್ಲ.

ಮಿಸ್ ಹೆಲೆನ್ ಬರುವ ದಿನ ನಾನು ಬೆಳಗ್ಗೆಯೇ ಎದ್ದು ಮನೆ ಒರೆಸಲಿಲ್ಲ. ಟಿವಿಯನ್ನು ಮಂಚದ ಕೆಳಗೆ ತಳ್ಳಿದೆ. ಮಿಕ್ಸರ್ ಅಟ್ಟಕ್ಕೆ ಹೋಯಿತು. ಮಗಳು ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ ಫ್ರಿಜ್ಜನ್ನು ಎಲ್ಲಿಗೂ ತಳ್ಳಲಾಗದೆ ಮೇಲೊಂದು ಹಳೇ ಸೀರೆ ಹೊದೆಸಿ, ಅದರ ಮೇಲೆ ಹಾಸಿಗೆ ಪೇರಿಸಿದೆ. ಯಜಮಾನರಿಗೆ ಗಡ್ಡ ಹೆರೆಯಬೇಡಿ ಎಂದೆ.

“ಮೂವತ್ತು ವರ್ಷ ಮಂದಿ ಬರ್ತಾರಂದ್ರ ಇದ್ದದ್ದನ್ನ ಮುಂದ ಇಡ್ತಿದ್ದಿ,” ಎಂದರು ಅವರು. “ಈಗ ಮುಚ್ಚಿಡ್ಲಿಕ್ಕೆ ಹತ್ತೀ.”

“ಸುಮ್ನ ಕೂಡ್ರಿ. ಕೆಮ್ಮು ಬಂದ್ರ ಕೆಮ್ಮರಿ,” ಎಂದೆ.

ಮಿಸ್ ಹೆಲೆನ್, ಶರೋನ್ ಇಬ್ಬರೂ ಬಂದು ಚಾಪೆಯ ಮೇಲೆ ಕೂತರು. “ಆಂಟಿ, ನೀವು ಥೋಡಾ ನಿಮ್ಮ ಲೈಫ್ ಬಗ್ಗೆ ಹೇಳಿ ನಾ,” ಎಂದಳು ಶರೋನ್. ನಾನು ಹೇಳಿದೆ. ನಡೆದದ್ದನ್ನೇ ಹೇಳಿದೆ, ಆದರೆ ನಗು ಬರುವ ಜಾಗಗಳನ್ನೆಲ್ಲ ಬಿಟ್ಟು ಹೇಳಿದೆ. ಹಾಗೆ ಹೇಳಿದಾಗ ನನ್ನ ಬದುಕು ನನಗೇ ಗುರುತು ಸಿಗಲಿಲ್ಲ. ಮಿಸ್ ಹೆಲೆನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಕಮಲವ್ವ ನಿಂತಿದ್ದಳು. ವಿಜಾಪುರದ ಕಡೆಯವಳು, ಮೂರು ಖೋಲಿ ಆಚೆ ಒಬ್ಬಳೇ ಇರುವ ವಿಧವೆ, ಸಕ್ಕರೆ ಕಾಯಿಲೆಯವಳು. ಅವಳ ಇನ್ಸುಲಿನ್ ಇರುವುದು ನಮ್ಮ ಫ್ರಿಜ್ಜಿನಲ್ಲಿ.

“ಔಷಧಾ ಕೊಡವ್ವಾ ಸುಶೀಲಾ, ಊಟದ ಹೊತ್ತಾತು,” ಎಂದಳು.

ಫ್ರಿಜ್ಜು ತೆರೆಯಬೇಕಾದರೆ ಹಾಸಿಗೆ ಇಳಿಸಬೇಕು, ಸೀರೆ ತೆಗೆಯಬೇಕು. ನಾನು ಬಾಗಿಲಿಗೆ ಹೋಗಿ, ಅವಳು ಒಳಗೆ ನೋಡದ ಹಾಗೆ ಅಡ್ಡ ನಿಂತು, “ಆಮ್ಯಾಲೆ ಬಾ,” ಎಂದೆ. ಅವಳು ನನ್ನ ಭುಜದ ಮೇಲಿಂದ ಸೀರೆ ಹೊದ್ದ ಫ್ರಿಜ್ಜನ್ನು ನೋಡಿದಳು, ಮಿಸ್ ಹೆಲೆನ್‌ರನ್ನು ನೋಡಿದಳು, ಗೋಡೆ ಹಿಡಿದುಕೊಂಡು ಹೋದಳು. ಯಾರಾಕೆ ಎಂದು ಮಿಸ್ ಹೆಲೆನ್ ಕೇಳಿದರು. ಏನೋ ಕೇಳಲು ಬಂದಿದ್ದಳು, ನಮ್ಮಲ್ಲಿ ಏನಿದೆ ಕೊಡಲಿಕ್ಕೆ ಎಂದುಬಿಟ್ಟೆ. ಹಾಗೆ ಹೇಳಬೇಕೆಂದು ಯೋಚಿಸಿರಲಿಲ್ಲ, ತಾನಾಗಿ ಬಂತು. ಅದನ್ನು ಅವರು ಪುಸ್ತಕದಲ್ಲಿ ಬರೆದುಕೊಂಡರು.

ಅವರು ಹೋದ ಮೇಲೆ ಔಷಧ ತೆಗೆದುಕೊಂಡು ಓಡಿದೆ. ಕಮಲವ್ವ ಊಟ ಮಾಡದೆ, ತಟ್ಟೆಯ ಮೇಲೊಂದು ತಟ್ಟೆ ಮುಚ್ಚಿ, ಗೋಡೆಗೊರಗಿ ಕಾಯುತ್ತಿದ್ದಳು. “ಮಂದಿ ಇದ್ರು, ಬರಬಾರದಿತ್ತು ನಾ,” ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

ತಿಂಗಳೊಳಗೆ ಸರ್ಟಿಫಿಕೇಟು ಬಂತು. ಶರೋನ್ ಅಂಧೇರಿಗೆ ವರ್ಗವಾದಳು. ಕಮಿಟಿಯವರು ಹಾರ ಹಾಕಿ, ಮೈಕಿನಲ್ಲಿ ನನ್ನನ್ನು ‘ಮುಖ್ಯ ಸೇವಕಿ ಶ್ರೀಮತಿ ಸುಶೀಲಾಬಾಯಿಯವರು’ ಎಂದು ಮೂರು ಸಲ ಕರೆದರು. ನಾನೂ ಮೂರು ಸಲ ಎದ್ದು ನಿಂತೆ. ಕಮಲವ್ವ ಈಗ ತನ್ನ ಇನ್ಸುಲಿನ್ನನ್ನು ಕೊನೆಯ ಖೋಲಿಯವರ ಮನೆಯಲ್ಲಿ ಇಡುತ್ತಾಳೆ; ಎದುರು ಸಿಕ್ಕರೆ ಮೊದಲಿನ ಹಾಗೆಯೇ ನಗುತ್ತಾಳೆ. ನಮ್ಮ ಫ್ರಿಜ್ಜಿನಲ್ಲಿ ಬೇಕಾದಷ್ಟು ಜಾಗವಿದೆ.