ಎರಡು ಲಕ್ಷದ ಕೆಂಪು ಗೆರೆ

ನಮ್ಮ ಚಿಕ್ಕಪ್ಪನಿಗೆ ತೆಂಗಿನಕಾಯಿ ಕಂಡರೆ ಪ್ರಾಣಭಯ ಅಂದರೆ ಗುಬ್ಬಿಯಲ್ಲಿ ಯಾರೂ ನಂಬುವುದಿಲ್ಲ. ಮೂವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದ ಮನುಷ್ಯ! ಆದರೆ ಹೊಸ ಕಾರು ಬಂದ ದಿನದಿಂದ ತಲೆಯೆತ್ತಿಕೊಂಡೇ ಓಡಾಡತೊಡಗಿದರು. ಯಾವ ಮರದ ಕಾಯಿ ಬಾನೆಟ್ಟಿನ ಮೇಲೆ ಬೀಳುತ್ತದೋ!

ಕಾರೋ, ಹಾಟ್ ಹ್ಯಾಚ್‌ಬ್ಯಾಕು. ನೋಡಲು ಮೋಟು, ಒಳಗೆ ರೇಸಿನ ಎಂಜಿನ್ನು. ಅದರಲ್ಲೂ ಲಿಮಿಟೆಡ್ ಎಡಿಷನ್. ಮಾಡಿದ್ದೇ ನೂರಂತೆ, ಇದು ನಲವತ್ತೊಂದನೆಯದು ಎಂದು ಗೇರಿನ ಹತ್ತಿರ ತಗಡು ಬಡಿದಿದ್ದಾರೆ. ಆ ತಗಡಿಗೂ ಬಾಗಿಲ ಮೇಲಿನ ಕೆಂಪು ಗೆರೆಗೂ ಎರಡು ಲಕ್ಷ ಜಾಸ್ತಿ!

"ದಿನಾ ಹೊಸ್ತಿಲಿಗೆ ಕೆಮ್ಮಣ್ಣಿನ ಗೆರೆ ಎಳೀತೀನಿ, ನಂಗೆ ಒಂದ್ರುಪಾಯಾದ್ರೂ ಕೊಟ್ಟಿದೀರೇನ್ರೀ?" ಎಂದರು ಚಿಕ್ಕಮ್ಮ.

ಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟರೆ, "ರಸ ಸಿಡಿದು ಪೇಂಟ್ ಹೋಗಲ್ವಾ?" ಎಂದು ಚಿಕ್ಕಪ್ಪ ಅಡ್ಡ ನಿಂತರು. ಪಾಪ, ಅರ್ಚಕರು ಕಾಯಿ ಒಡೆದದ್ದು ಪಕ್ಕದ ಮನೆಯ ಮುಂದೆ!

ಇಂಥವರು ಒಂದು ಭಾನುವಾರ ನನ್ನ ಕೈಗೆ ಕೀ ಕೊಟ್ಟರು. "ಅಮೃತೂರಿಗೆ ಹೋಗ್ಬೇಕು, ನೀನೇ ಓಡ್ಸು."

ಎರಡು ವರ್ಷದ ಹಿಂದೆ ಕುಣಿಗಲ್ ರಸ್ತೆಯ ತಿರುವಿನಲ್ಲಿ ನನ್ನ ಕಾರು ಪಲ್ಟಿಯಾದ ಮೇಲೆ ನಾನು ಸ್ಟೇರಿಂಗ್ ಮುಟ್ಟಿರಲಿಲ್ಲ. ತುಮಕೂರಿನ ಆಫೀಸಿಗೆ ಬಸ್ಸಿನಲ್ಲಿ ಹೋಗುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

"ನಂಗೆ ಭಯ, ಚಿಕ್ಕಪ್ಪ."

"ನಂಗೂ ಭಯಾನೇ ಕಣೇ. ಇಬ್ರೂ ಭಯ ಪಡ್ಕೊಂಡೇ ಹೋಗಣ, ಹತ್ತು."

ಎಂಜಿನ್ನು ಗುರ್ರೆಂದಿತು. ಅಂಗೈ ಬೆವರಿ ಸ್ಟೇರಿಂಗ್ ಜಾರಿತು. ಗೇಟು ದಾಟುವ ಮೊದಲೇ ಬಾಗಿಲು ಕಲ್ಲುಕಂಬಕ್ಕೆ ಕರ್ರೆಂದು ಉಜ್ಜಿತು. ಇಳಿದು ನೋಡಿದರೆ ಎರಡು ಲಕ್ಷದ ಗೆರೆ ನಡುವೆಯೇ ತುಂಡಾಗಿದೆ! ನನಗೆ ಅಳುವೇ ಬಂತು.

ಚಿಕ್ಕಪ್ಪ ಒಂದು ಗಳಿಗೆ ಬಾಗಿಲನ್ನೇ ನೋಡಿದರು. ಆಮೇಲೆ ನನ್ನ ಕೈ ಹಿಡಿದು ಮತ್ತೆ ಸ್ಟೇರಿಂಗ್ ಮುಂದೆ ಕೂರಿಸಿದರು.

"ಬುಡು. ಇವತ್ತಲ್ಲ ನಾಳೆ ಆಗ್ಬೇಕಿತ್ತು. ರಿವರ್ಸ್ ತಗೋ."

ಕುಣಿಗಲ್ ರಸ್ತೆಯ ಆ ತಿರುವಿನಲ್ಲಿ ಇಬ್ಬರೂ ಉಸಿರು ಬಿಗಿಹಿಡಿದೆವು. ಕಾರು ಸುಮ್ಮನೆ ತಿರುಗಿತು, ಅಷ್ಟೆ. ನಾನು ಅಮೃತೂರಿನವರೆಗೂ ಓಡಿಸಿದೆ.

ಆ ಗೀರಿಗೆ ಅವರು ಇನ್ನೂ ಬಣ್ಣ ಹಾಕಿಸಿಲ್ಲ. ಕಾರನ್ನು ಈಗ ತೆಂಗಿನ ಮರದಡಿಯೇ ನಿಲ್ಲಿಸುತ್ತಾರೆ. ಯಾರಾದರೂ, "ಒಂದು ಗೆರೆಗೆ ಎರಡು ಲಕ್ಷ ದಂಡ ಅಲ್ವಾ?" ಎಂದು ಕೆಣಕಿದರೆ ಗೀರಿನ ಮೇಲೆ ಕೈಯಾಡಿಸುತ್ತಾರೆ.

"ನಮ್ಮುಡ್ಗಿ ಮತ್ತೆ ಸ್ಟೇರಿಂಗ್ ಹಿಡಿದ್ಲಲ್ಲ. ಅಗ್ಗಾನೇ ಆಯ್ತು."