ಪಟದಲ್ಲಿ ಬೆಳ್ಳಗಾದ ನೀಲಿ ಸೀರೆ

ಮಾತು ಸರಿಯೋ ತಪ್ಪೋ ಎಂದು ನೋಡುವ ಮೊದಲು ಅದನ್ನು ಯಾರು ಹೇಳಿದರು ಎಂದು ನೋಡುವುದು ನನ್ನ ಹಳೆಯ ಚಾಳಿ. ಆಲ್ದೂರಿನ ಹತ್ತಿರ ಬಿಳಿ ದೊರೆಯೊಬ್ಬರ ಕಾಫಿ ಎಸ್ಟೇಟಿನಲ್ಲಿ ನಾನು ರೈಟರು. ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಆಳುಗಳ ಹೆಸರು ಕೂಗುವವನಿಗೆ ತಾನೂ ಅರ್ಧ ದೊರೆ ಎನ್ನಿಸಿಬಿಡುತ್ತದೆ. ಇನ್ನರ್ಧ ಇಲ್ಲ ಎಂಬುದು ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನನ್ನ ಹೆಂಡತಿ ಗಿರಿಜೆಯ ತಾಯಿ ಕಳಸದಲ್ಲಿ ಹಾಸಿಗೆ ಹಿಡಿದಿದ್ದರು. "ನಂದೊಂದು ಪಟ ತೆಗೆಸಿ ಕಳಿಸೋಣ. ಅಮ್ಮ ಕಣ್ತುಂಬ ನೋಡ್ಕಳ್ಲಿ," ಎಂದಳು ಗಿರಿಜೆ. ಮಂಚದ ಮೇಲೆ ಎರಡು ಸೀರೆ ಹರವಿದಳು. ಕೆಂಪು, ತಾಯಿ ಮದುವೆಗೆ ಉಡಿಸಿದ್ದು. ನೀಲಿ, ನಾನು ತಂದಿದ್ದು. ಅವಳ ಕೈ ಕೆಂಪಿನ ಮೇಲಿತ್ತು. ಮರ್ಯಾದಸ್ಥರು ಪಟಕ್ಕೆ ನೀಲಿಯನ್ನೇ ಉಡುವುದು ಎಂದು ನಾನು ತೀರ್ಪು ಕೊಟ್ಟೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ.

ಬಸ್ಸಿಗೆ ಹೊರಟಾಗ ಬಂಗಲೆಯ ಬಟ್ಲರ್ ಅಂತೋಣಿ ಎದುರಾದ. "ರೈಟ್ರೇ, ನೀಲಿ ಬೇಡ. ಪಟದಲ್ಲಿ ಬೆಳ್ಳಗೆ ಬರ್ತದೆ. ದೊರೆಸಾನಿ ಕತ್ತಲೆ ಕೋಣೇಲಿ ಪಟ ತೊಳೆಯೋದು ನಾನು ನೋಡಿದೀನಲ್ಲ. ಅಮ್ಮಾವ್ರಿಗೆ ಕೆಂಪು ಉಡ್ಸಿ," ಎಂದ.

"ನೀನು ನಿನ್ನ ಸೂಪು ನೋಡ್ಕೊ," ಎಂದೆ.

ಗಿರಿಜೆ ನಿಂತಳು. "ಓಡಿಹೋಗಿ ಉಟ್ಕಂಡು ಬರ್ಲಾ?"

"ಬಸ್ಸು ತಪ್ಪುತ್ತೆ, ನಡಿ."

ಬಸ್ಸು ಒಂದು ಗಂಟೆ ತಡವಾಗಿ ಬಂತು. ಚಿಕ್ಕಮಗಳೂರಿನ ಫೋಟೋದವನೂ ಸೀರೆ ನೋಡಿ ಏನೋ ಹೇಳಲು ಬಾಯಿ ತೆರೆದ. ನಾನು ಯಾರೆಂದು ತಿಳಿಸಿದೆ, ಮುಚ್ಚಿಕೊಂಡ. ಪಟವನ್ನು ನೇರ ಕಳಸಕ್ಕೇ ಅಂಚೆಗೆ ಹಾಕುವಂತೆ ಹೇಳಿ ಬಂದೆ. ಜೊತೆಗೆ ಕಾಗದ ಬರೆಯಲಿಲ್ಲ. ಎಲ್ಲವನ್ನೂ ಪಟವೇ ಹೇಳುತ್ತದೆ ಎಂದುಕೊಂಡಿದ್ದೆ.

ಹೇಳಿತು. ಹದಿನೈದು ದಿನಕ್ಕೆ ಗಿರಿಜೆಯ ತಮ್ಮ ಏದುಸಿರು ಬಿಡುತ್ತ ಬಂದ. ಜಗಲಿಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ನನ್ನನ್ನು ಕಂಡವನೇ ಕಂಬ ಹಿಡಿದು ನಿಂತ. "ಭಾವ, ಇದೀರಾ!"

"ಇದೀನಿ ಮಾರಾಯ. ಕೆನ್ನೆ ಸ್ವಲ್ಪ ಕೊಯ್ದಿದೆ, ಅಷ್ಟೇ."

ಅವನು ಜೇಬಿನಿಂದ ಪಟ ತೆಗೆದು ತೋರಿಸಿದ. ಅದರಲ್ಲಿ ಗಿರಿಜೆ ಅಚ್ಚ ಬಿಳಿ ಸೀರೆಯಲ್ಲಿ ಕೂತಿದ್ದಳು. ಹಣೆಯ ಕುಂಕುಮ ಕಪ್ಪಾಗಿ ಬಂದು ಮುಖದ ಕಪ್ಪಿನಲ್ಲೇ ಕರಗಿತ್ತು, ತಾಳಿ ಸೆರಗಿನಡಿ ಸೇರಿತ್ತು. ಅದನ್ನು ನೋಡಿದ ಅತ್ತೆ ಅಳುತ್ತಲೇ ಇದ್ದು ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲವಂತೆ. ನನಗಾಗಿ ಅಷ್ಟು ಅತ್ತವರು ಅದುವರೆಗೆ ಯಾರೂ ಇರಲಿಲ್ಲ.

ಇನ್ನೊಂದು ಪಟ ತೆಗೆಸೋಣ ಎಂದೆ. ಮಳೆಗಾಲ ಕಳೀಲಿ ಎಂದಳು ಗಿರಿಜೆ. ಮಳೆಗಾಲ ಕಳೆಯುವ ಮೊದಲೇ ಅತ್ತೆ ತೀರಿಕೊಂಡರು. ಆಮೇಲೆ ಅವಳು ಪಟದ ಮಾತೆತ್ತಲಿಲ್ಲ. ನೀಲಿ ಸೀರೆಯನ್ನು ಯಾರಿಗೋ ಕೊಟ್ಟುಬಿಟ್ಟಳು. ಯಾರಿಗೆಂದು ನಾನು ಕೇಳಲಿಲ್ಲ. ಎರಡು ವರ್ಷಕ್ಕೆ ಚಳಿಜ್ವರದಲ್ಲಿ ಅವಳೂ ಹೋದಳು. ಕೆಂಪು ಸೀರೆ ಉಡಿಸಿ ಕಳಿಸಿದೆವು. ಆಗ ನಾನು ಎದುರಾಡಲಿಲ್ಲ.

ನನ್ನ ಬಳಿ ಉಳಿದಿರುವುದು ಆ ಒಂದೇ ಪಟ. ಮನೆಗೆ ಬಂದವರು, "ನಿಮ್ಮ ತಾಯಿಯವರಾ? ಪಾಪ," ಎನ್ನುತ್ತಾರೆ. ಪಟಕ್ಕೆ ಕುಂಚದಲ್ಲಿ ಬಣ್ಣ ಹಾಕಿಕೊಡುತ್ತಾರೆಂದು ತಿಳಿದು ಕಳೆದ ತಿಂಗಳು ಅದೇ ಫೋಟೋದವನ ಬಳಿಗೆ ಒಯ್ದೆ. ಸೀರೆ ನೀಲಿ ಎಂದೆ. ಅವನು ಬಣ್ಣದ ನಾಲ್ಕು ಬಟ್ಟಲು ಮುಂದಿಟ್ಟು, "ಯಾವ ನೀಲಿ ಸ್ವಾಮಿ?" ಎಂದ.

ನಾಲ್ಕನ್ನೂ ನೋಡಿದೆ. ಅಂಗಡಿಯಲ್ಲಿ ಆರಿಸಿದವನು ನಾನು, ಹಟ ಹಿಡಿದು ಉಡಿಸಿದವನೂ ನಾನೇ. ಆದರೆ ಎಷ್ಟು ಯೋಚಿಸಿದರೂ ಆ ಬಣ್ಣ ನೆನಪಾಗಲಿಲ್ಲ. ಬಿಳಿಯೇ ಕಣ್ಣಿಗೆ ಬರುತ್ತಿತ್ತು.

ಅಂತೋಣಿಗೆ ನೆನಪಿರಬಹುದು. ಅಂದು ದಾರಿಯಲ್ಲಿ ನಿಂತು ಸರಿಯಾಗಿ ನೋಡಿದವನು ಅವನೊಬ್ಬನೇ. ಕೇಳಿಕೊಂಡು ಬರುತ್ತೇನೆಂದು ಪಟ ವಾಪಸು ತಂದೆ. ಮೂರು ವಾರವಾಯಿತು. ಬಂಗಲೆಯ ಅಡಿಗೆಮನೆಯ ಬಾಗಿಲವರೆಗೆ ಎರಡು ಸಲ ಹೋದೆ. ಎರಡು ಸಲವೂ, ಹಾಜರಿ ಪುಸ್ತಕ ಮರೆತೆ ಎಂದು ಗಟ್ಟಿಯಾಗಿ ಹೇಳಿಕೊಂಡು ಹಿಂದಿರುಗಿದ್ದೇನೆ. ಪುಸ್ತಕ ಕಂಕುಳಲ್ಲೇ ಇತ್ತು.