ಒಂದು 'ರಿ'ಗೆ ಒಂದು ಪ್ರಾಣ

ಗುಣಮಟ್ಟ ಎನ್ನುವುದು ನನಗೆ ಹುಟ್ಟಿನಿಂದ ಅಂಟಿಕೊಂಡ ಕಾಯಿಲೆ. ತೆಲುಗು ಸೀಮೆಯ ಮಾದಾಪುರದ ಸಾಫ್ಟ್‌ವೇರ್ ಆಫೀಸೊಂದರಲ್ಲಿ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಸಂಬಳ ಕೊಡದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆನೆಂದು ನನ್ನ ಹೆಂಡತಿ ಶಾರದಾ ಹೇಳುತ್ತಾಳೆ. ಮದುವೆಗೆ ಹೋದರೆ ನನಗೆ ಮೊದಲು ಕಾಣುವುದು ಮಂಟಪದ ಮೇಲಿನ ಹೆಸರಿನಲ್ಲಿ ತಪ್ಪಿದ ಒತ್ತಕ್ಷರ, ಮದುಮಗಳು ಆಮೇಲೆ. ಇಂಥವನು ಆಟ ಆಡಿಸಲು ಹೊರಟರೆ ಏನಾಗುತ್ತದೆಂದು ಯಾರಾದರೂ ಊಹಿಸಬಹುದಿತ್ತು. ನಾನೊಬ್ಬನೇ ಊಹಿಸಲಿಲ್ಲ.

ಆಟವೆಂದರೆ ಕ್ರಿಕೆಟ್ಟಲ್ಲ, ಇಸ್ಪೀಟೂ ಅಲ್ಲ. ಮೇಜಿನ ಸುತ್ತ ಐದಾರು ಮಂದಿ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ, ಒಬ್ಬ ಕಥೆ ನಡೆಸುತ್ತಾನೆ, ಕತ್ತಿ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಮಾದಾಪುರದಲ್ಲಿ ದಿನ ಬೆಳಗಾದರೆ ಹೊಸದೊಂದು ಗಾಜಿನ ಕಟ್ಟಡ ಏಳುತ್ತಿದ್ದ ವರ್ಷಗಳವು. ಅಮೆರಿಕಕ್ಕೆ ಹೋಗಿಬಂದ ಯಾರೋ ಈ ಹುಚ್ಚನ್ನು ನಮ್ಮ ಆಫೀಸಿಗೆ ಹತ್ತಿಸಿದರು. ನಾನು ಅದನ್ನು ಕನ್ನಡಕ್ಕೆ ಒಗ್ಗಿಸಿ, ಎರಡು ವರ್ಷ ಕೂತು ಒಂದು ನಿಯಮಾವಳಿಯನ್ನೇ ಬರೆದೆ. ಬಾಣಕ್ಕೆ ಗಾಳಿಯ ಲೆಕ್ಕ, ಕುದುರೆಗೆ ಮೇವಿನ ಲೆಕ್ಕ, ಯಾವುದನ್ನೂ ಬಿಟ್ಟಿರಲಿಲ್ಲ. ಪುಟ ನಲವತ್ತೇಳಂತೂ ನನ್ನ ಹೆಮ್ಮೆ. ಆಟ ಶುರುವಾದ ಮೇಲೆ ಮೇಜೇ ರಣರಂಗ, ಅಲ್ಲಿ ಯಾರೂ ಗೌರವದ 'ರಿ' ಹಚ್ಚಿ ಮಾತಾಡುವಂತಿಲ್ಲ. ಹಚ್ಚಿದರೆ ಒಂದು 'ರಿ'ಗೆ ಒಂದು ಪ್ರಾಣ ಕಟ್. ಒಬ್ಬೊಬ್ಬರಿಗೆ ಇರುವುದೇ ಐದು ಪ್ರಾಣ. ರಾಕ್ಷಸನಿಗೆ 'ನಿಂದರ್ರಿ, ಹೊಡೀತೀನ್ರಿ' ಎಂದರೆ ಯುದ್ಧದ ಗಾಂಭೀರ್ಯ ಏನಾಗಬೇಕು, ನೀವೇ ಹೇಳಿ.

ಆದರೆ ಆಡಲು ಬಂದವರೆಲ್ಲ ನಮ್ಮ ಬಾಗಲಕೋಟೆ, ಕೊಪ್ಪಳ, ರಾಯಚೂರಿನ ಕಡೆಯವರು. ವಾರವಿಡೀ ತೆಲುಗು, ಹಿಂದಿ ಮಾತಾಡಿ ದಣಿದು ಶನಿವಾರ ಬಾಯಿ ತೆರೆದರೆ ಮೊದಲು ಉದುರುವುದೇ 'ರಿ'. 'ಹೊಡೀಲೇನ್ರಿ? ಯಾರಿಗ್ರಿ? ಇವರಿಗೇನ್ರಿ?' ಎಂದು ಕೇಳುವಷ್ಟರಲ್ಲಿ ಮೂರು ಪ್ರಾಣ ಖಲಾಸ್. ಒಬ್ಬೊಬ್ಬರೇ ಜಾರಿಕೊಂಡರು. ಒಬ್ಬನಿಗೆ ಪ್ರತಿ ಶನಿವಾರವೂ ಜ್ವರ ಬರತೊಡಗಿತು. ಕೊನೆಗೆ ಮೇಜಿನ ಮುಂದೆ ಉಳಿದವಳು ಶಾರದಾ ಒಬ್ಬಳೇ.

ಒಂದು ಶನಿವಾರ ಎರಡೇ ಪ್ರಾಣ ಇಟ್ಟುಕೊಂಡು ಕೋಟೆಯ ಬಾಗಿಲವರೆಗೆ ಬಂದಿದ್ದ ಅವಳು ತಲೆಯೆತ್ತಿ, "ಏನ್ರೀ, ಚಾ ತರ್ಲೇನ್ರಿ?" ಎಂದಳು.

"ಎರಡು ರಿ, ಎರಡು ಪ್ರಾಣ. ನೀ ಸತ್ತಿ," ಎಂದೆ.

"ಅಯ್ಯ! ಚಾ ಕೇಳಿದ್ದಕ್ಕ ಸತ್ನೇನ್ರಿ?"

"ಸತ್ತವರು ಮಾತಾಡಂಗಿಲ್ಲ. ಪುಟ ಐವತ್ತು."

ಅವಳು ಎದ್ದು ಹೋದಳು. ಚಹಾ ಬರಲಿಲ್ಲ. ಮುಂದಿನ ಶನಿವಾರ ಸೀರೆ ಬದಲಿಸಿಕೊಂಡು, "ನಾ ಗುರುನಾಥ ಅವ್ರ ಆಟಕ್ಕ ಹೊಂಟೀನ್ರಿ. ಅಲ್ಲಿ ಸತ್ತರೂ ಮಾತಾಡಾಕ ಬಿಡ್ತಾರಂತ. ನೀವು ಬೇಕಾದ್ರ ಒಬ್ರ ಆಡಕೋರಿ" ಎಂದು ಹೊರಟೇಬಿಟ್ಟಳು.

ಗುರುನಾಥ ನಮ್ಮ ಆಫೀಸಿನ ಸೇಲ್ಸ್ ವಿಭಾಗದವನು. ಗಚ್ಚಿಬೌಲಿಯ ತನ್ನ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಆಡಿಸುತ್ತಿದ್ದ. ನಿಯಮದ ಪುಸ್ತಕವನ್ನು ಆತ ತೆರೆದೂ ನೋಡಿರಲಿಲ್ಲ. ದಾಳದ ಬದಲು ಚೌಕಾಬಾರದ ಕವಡೆ! ಆದರೂ ಜನವೋ ಜನ. ಕಾಚಿಗೂಡದಲ್ಲಿ ರೈಲಿಳಿದವರು ಬ್ಯಾಗು ಸಮೇತ ನೇರವಾಗಿ ಅಲ್ಲಿಗೇ ಬರುತ್ತಾರೆಂದು ಕೇಳಿದ್ದೆ. ನಂಬಿರಲಿಲ್ಲ. ಇಷ್ಟು ಕಳಪೆ ಮಾಲಿಗೆ ಅಷ್ಟು ಗಿರಾಕಿ ಹೇಗೆ ಸಾಧ್ಯ? ತಪ್ಪು ಗುರುತುಹಾಕಿಕೊಳ್ಳಲು ಜೇಬಿಗೊಂದು ಪೆನ್ನು ಸಿಕ್ಕಿಸಿಕೊಂಡು ಅದರ ಮುಂದಿನ ಶನಿವಾರ ನಾನೂ ಹೋದೆ.

ಬಾಗಿಲಲ್ಲೇ ನನಗೆ ದಿಗಿಲು ಬಡಿಯಿತು. ಒಳಗೆ ಇಪ್ಪತ್ತು ಮಂದಿ, ಮೂಲೆಯಲ್ಲಿ ಬ್ಯಾಗುಗಳ ರಾಶಿ, ನಡುವೆ ಮಿರ್ಚಿ ಭಜಿಯ ತಟ್ಟೆ. ನನ್ನ ಜ್ವರದ ಮನುಷ್ಯ ಗುಂಡುಕಲ್ಲಿನಂತೆ ಕೂತು, "ರಾಕ್ಷಸರ, ಒಂಚೂರು ಆ ಕಡೆ ಸರಕೋರಿ, ನಿಮ್ಮ ಹಿಂದಿನವ್ರನ್ನ ಹೊಡೀಬೇಕಾಗೇತ್ರಿ" ಎನ್ನುತ್ತಿದ್ದ.

"ಹೊಡೀರಿ, ಹೊಡೀರಿ," ಎಂದ ರಾಕ್ಷಸನಾಗಿದ್ದ ಗುರುನಾಥ. "ಮೊದ್ಲ ಭಜಿ ತಿನ್ರಿ, ಆರಾಕತ್ತಾವು."

ಅಯ್ಯೋ ದೇವರೇ! ಎರಡು ನಿಮಿಷದಲ್ಲಿ ಏಳು ತಪ್ಪು. ಬರೆಯಲು ಕೈಯೇ ಓಡಲಿಲ್ಲ. ಅಷ್ಟರಲ್ಲಿ ಗುರುನಾಥ ತಲೆಯ ಮೇಲೆ ಟವೆಲ್ ಹೊದ್ದು ಎದ್ದುನಿಂತು ಗರ್ಜಿಸಿದ: "ನಾ ನಿಯಮಾಸುರ! ಪುಟ ನಲವತ್ತೇಳು! 'ರಿ' ಅಂದವ್ರ ಪ್ರಾಣ ತಗೋತೀನಿ!"

ಅದು ನನ್ನ ಪುಟ. ಅದನ್ನು ಕಥೆ ಮಾಡಿ ಹೇಳಬಲ್ಲವಳು ಒಬ್ಬಳೇ, ಮುಂದಿನ ಸಾಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು.

"ಇವ್ರಿಗೆ ಪ್ರಾಣ ಎಷ್ಟ್ರಿ?" ಯಾರೋ ಕೇಳಿದರು.

"ಎಂಟು," ಎಂದ ಗುರುನಾಥ.

ಅವಮಾನ ನುಂಗಿಕೊಂಡೇನು, ಎಂಟನ್ನು ಹೇಗೆ ನುಂಗಲಿ? "ಎಂಟಲ್ಲ!" ಎಂದು ಕೂಗಿಬಿಟ್ಟೆ. "ಅಷ್ಟು ದೊಡ್ಡ ರಾಕ್ಷಸಗ ಕಡಿಮಿ ಅಂದ್ರ ನಲವತ್ತು ಇರಬೇಕು, ಪುಟ ಹನ್ನೆರಡು!"

ಇಪ್ಪತ್ತು ತಲೆ ತಿರುಗಿದವು. ಆಮೇಲೆ ಎದ್ದ ನಗೆಗೆ ಕಿಟಕಿ ಗಾಜು ಅದುರಿತು. ಗುರುನಾಥ ಓಡಿಬಂದು ಟವೆಲನ್ನು ನನ್ನ ತಲೆಗೆ ಹೊದಿಸಿ, "ಬರ್ರಿ ಸರ್, ನಿಮ್ಮ ಪಾತ್ರ ನೀವ ಮಾಡ್ರಿ" ಎಂದ.

ಶಾರದಾ ಎದ್ದಳು. ಅಲ್ಲಿಯವರೆಗೆ ಎಲ್ಲ ರಾಕ್ಷಸರಿಗೂ ಬಹುವಚನದಲ್ಲೇ ಏಟು ಬಿದ್ದಿತ್ತು. ಅವಳು ಕವಡೆ ಕುಲುಕುತ್ತ ನನ್ನ ಮುಖ ನೋಡಿ, "ಏ ನಿಯಮಾಸುರಾ! ಚಾ ಕೇಳಿದಾಕಿನ್ನ ಕೊಂದ್ಯಲ್ಲೋ! ತಗೋ!" ಎಂದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಇಂಥ ಮಾತು ಕೇಳಿರಲಿಲ್ಲ. ಆದರೂ ಒಳಗಿನ ತಪಾಸಣೆಯವನು ಸುಮ್ಮನಿರಲಿಲ್ಲ: ಒಂದೂ 'ರಿ' ಇಲ್ಲ, ಪುಟ ನಲವತ್ತೇಳು ಇವತ್ತು ಮೊದಲ ಬಾರಿಗೆ ಲೋಪವಿಲ್ಲದೆ ಪಾಲನೆಯಾಯಿತು ಎಂದು ಟಿಪ್ಪಣಿ ಬರೆದುಕೊಂಡ. ಕವಡೆ ಬಿದ್ದವು, ನಾನು ಸತ್ತೆ. ಸತ್ತ ಮೇಲೂ ಮಾತಾಡಲು ಬಿಟ್ಟರು, ಭಜಿಯನ್ನೂ ಕೊಟ್ಟರು.

ಮನೆಗೆ ಬಂದ ಮೇಲೆ ಶಾರದಾ ಒಲೆಯ ಮೇಲೆ ನೀರಿಟ್ಟು, "ಚಾ ಬೇಕೇನು?" ಎಂದಳು. ನಾನು ಕಾದೆ. ಹಿಂದೆಯೇ ಬರಬೇಕಾದ 'ರಿ' ಬರಲಿಲ್ಲ. ನೀರು ಕುದಿಯಿತು, ಪುಡಿ ಬಿತ್ತು, ಹಾಲು ಬಿತ್ತು, ಆಗಲೂ ಬರಲಿಲ್ಲ. ನನಗೆ ನಿಜಕ್ಕೂ ಗಾಬರಿಯಾಯಿತು. ಎರಡು ವರ್ಷ ಬರೆದ ನಿಯಮ ಕೊನೆಗೂ ಜಾರಿಗೆ ಬಂದಿತ್ತು, ಅದೂ ನಮ್ಮ ಅಡುಗೆಮನೆಯಲ್ಲಿ.

"ಬೇಕ್ರಿ," ಎಂದೆ.

"ಹೋತು ಒಂದು ಪ್ರಾಣ," ಎಂದಳು ಶಾರದಾ, ಚಹಾ ಸೋಸುತ್ತ. ಪುಟದ ಸಂಖ್ಯೆಯನ್ನೂ ಸರಿಯಾಗಿ ಹೇಳಿದಳು.